ಸದನದಲ್ಲಿ ಮಾಡಿದ ಹೊಗಳಿಕೆಯನ್ನು ಹಿಂಪಡೆಯುವ ಬಗ್ಗೆ

ಇಂದ,
ಶ್ರೀಮತಿ ಡೆಲ್ಮಾ ಪ್ರಿಚೆಟ್,
ಗೋಧಿ ಕಣಜದ ಎದುರು ಮನೆ,
ವಿಲ್ಗಾ ಸೈಡಿಂಗ್.

ಗೆ,
ಮಾನ್ಯ ಶ್ರೀ ಗ್ರೇಡನ್ ಹೋಲ್‌ಬ್ರೂಕ್,
ರಾಜ್ಯ ಶಾಸನಸಭೆಯ ಸದಸ್ಯರು,
ಶಾಸಕರ ಕಚೇರಿ, ಬೇಕರಿಯ ಪಕ್ಕ,
ಹಾರ್ಟಿಗನ್.

ವಿಷಯ: ಅರ್ಜಿದಾರಳ ಸಮಾಜಸೇವೆ ಕುರಿತು ತಾವು ಸದನದಲ್ಲಿ ಪದೇ ಪದೇ ಮಾಡಿರುವ ಹೊಗಳಿಕೆಯನ್ನು ರದ್ದುಪಡಿಸಿ, ಆಸ್ಪತ್ರೆ ಬಸ್ಸನ್ನು ಮರಳಿ ಕೊಡಿಸುವ ಬಗ್ಗೆ.

ಉಲ್ಲೇಖ:
1. ಸದರಿ ಹೊಗಳಿಕೆಯ ಭಾಷಣಗಳು (ಹಲವು).
2. ಸಾರಿಗೆ ಮಂತ್ರಿಗಳ ಕಚೇರಿಯ ಪತ್ರ.
3. ಕಣ್ಣಿನ ವೈದ್ಯರ ಚೀಟಿ.
4. ಅರ್ಜಿದಾರಳ ಫ್ರಿಜ್ಜಿಗೆ ಅಂಟಿಕೊಂಡಿರುವ, ತಮ್ಮ ನಗುಮುಖವುಳ್ಳ ಮ್ಯಾಗ್ನೆಟ್ಟಿನ ಮೇಲಿನ ವಾಕ್ಯ: "ಒಂದು ಮಾತು ಹೇಳಿ, ಓಡಿ ಬರುತ್ತೇನೆ."

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರಬಯಸುವ ಸಂಗತಿಗಳು ಈ ಕೆಳಗಿನಂತಿವೆ. "ನಾನು" ಎಂದು ಬರೆಯದಿರಲು ಕಾರಣ ತಮ್ಮ ಕಚೇರಿಯ ಕುಮಾರಿ ಟೆಗನ್. "ಅರ್ಜೀಲಿ ನಾನು ನಾನು ಅಂತ ಬರೀಬೇಡಿ ಡೆಲ್ಮಾ ಅವ್ರೇ, ಜಗಳ ಆಡ್ದಂಗಿರುತ್ತೆ. ಅರ್ಜಿದಾರಳು ಅಂತ ಹಾಕಿ" ಎಂದು ಆಕೆ ಫೋನಿನಲ್ಲಿ ತಿಳಿಸಿರುತ್ತಾಳೆ. ಒಳ್ಳೆಯ ಹುಡುಗಿ. ಆಕೆಯ ಮೇಲೆ ಯಾವುದೇ ಕ್ರಮ ಬೇಡ.

1. ಹಾರ್ಟಿಗನ್ ಆಸ್ಪತ್ರೆಗೆ ಹೋಗುವ ಬಸ್ಸು ನಮ್ಮ ಊರಿನಲ್ಲಿ ನಿಲ್ಲುತ್ತಿತ್ತು. ಎರಡು ಚಳಿಗಾಲಗಳ ಹಿಂದೆ ಅದನ್ನು ಮರುಪರಿಶೀಲನೆಯ ಕಾರಣ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅರ್ಜಿದಾರಳ ಪಕ್ಕದ ಮನೆಯ ಶ್ರೀ ಕ್ಲಾರಿ ನ್ಯೂಜೆಂಟ್ ಅವರು ಉಣ್ಣೆ ಕತ್ತರಿಸುವವರ ಬಿಡಾರಗಳಲ್ಲಿ ಅಡುಗೆ ಮಾಡಿ ಜೀವನ ಸವೆಸಿದವರು. ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿರುವ ಕಾರಣ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ಬಸ್ಸು ನಿಂತ ದಿನ ಅರ್ಜಿದಾರಳು ಬೇಲಿಯಾಚೆಯಿಂದ, "ಬಸ್ಸು ಬರೋವರ್ಗೂ ನಾನ್ ಕರ್ಕೊಂಡ್ ಹೋಗ್ತೀನಿ, ಸುಮ್ನಿರು" ಎಂದು ಹೇಳಿದ್ದು ನಿಜ. ಹೇಳಿದ್ದು ಅಷ್ಟೇ. ಅವರಿಬ್ಬರ ನಡುವೆ ಬೇರೇನೋ ಇದೆ ಎಂದು ಊರಿನ ಹೆಂಗಸರು ಆಡಿಕೊಳ್ಳುತ್ತಾರೆ. ಕ್ಲಾರಿ ದಾರಿಯುದ್ದಕ್ಕೂ ಕಾರಿನ ಗೇರು ಬದಲಿಸುವ ಬಗ್ಗೆ ಕೊಡುವ ಸಲಹೆಗಳನ್ನು ಕೇಳಿಸಿಕೊಂಡವರು ಯಾರೂ ಹಾಗೆ ಹೇಳಲಾರರು.

2. ಬಸ್ಸನ್ನು ಮರಳಿ ಕೊಡಿಸಿ ಎಂದು ಊರವರೆಲ್ಲ ಸಹಿ ಹಾಕಿದ ಮನವಿಯನ್ನು ಕೃಷಿ ಮೇಳದಲ್ಲಿ ತಮ್ಮ ಕೈಗೆ ನೀಡಲಾಯಿತು. ತಾವು ಏಪ್ರನ್ ಕಟ್ಟಿಕೊಂಡು ಫುಟ್‌ಬಾಲ್ ಕ್ಲಬ್ಬಿನ ಒಲೆಯ ಮೇಲೆ ಸಾಸೇಜು ತಿರುಗಿಸುತ್ತಿದ್ದಿರಿ. ಫೋಟೋ ಆದೊಡನೆ ಇಕ್ಕಳವನ್ನು ಪಕ್ಕದವರಿಗೆ ದಾಟಿಸಿ, ಜಾಮ್ ಸ್ಪರ್ಧೆಯಲ್ಲಿ ಬೆರಳು ನೆಕ್ಕಿ, ಒಂದು ಟಗರನ್ನು ಅಪ್ಪಿಕೊಂಡು, ಅರ್ಜಿದಾರಳ ಬಳಿ ಬಂದಿರಿ.

"ಡೆಲ್ಮಾ, ಈ ಬಸ್ಸಿನ ವಿಷ್ಯ ನನ್ ಎದೇಲಿ ಕೂತ್ಬಿಟ್ಟಿದೆ" ಎಂದಿರಿ. "ಅದಿರ್ಲಿ, ಕ್ಲಾರೀನ ಈಗ ಯಾರು ಕರ್ಕೊಂಡ್ ಹೋಗ್ತಿದಾರೆ?"

"ನಾನೇ."

"ನೀವೇನಾ? ಎಷ್ಟು ದೊಡ್ಡ ಮನಸ್ಸು ನಿಮ್ದು."

"ದೊಡ್ಡ ಮನಸ್ಸೂ ಇಲ್ಲ ಏನೂ ಇಲ್ಲ. ಬಸ್ಸಿಲ್ಲ, ಅದಕ್ಕೆ."

ತಾವು ಟೆಗನ್ ಕಡೆ ತಿರುಗಿ, "ಇದನ್ನ ಬರ್ಕೊಳ್ಳಮ್ಮ" ಎಂದಿರಿ. ಬಸ್ಸಿನ ವಿಷಯ ಬರೆದುಕೊಳ್ಳುತ್ತಿದ್ದಾಳೆ ಎಂದು ಅರ್ಜಿದಾರಳು ನಂಬಿ ಮನೆಗೆ ಹೋದಳು. ಆಕೆ ಬರೆದುಕೊಂಡದ್ದು ದೊಡ್ಡ ಮನಸ್ಸನ್ನು.

3. ಮುಂದಿನ ಅಧಿವೇಶನದಲ್ಲಿ ತಾವು ಎದ್ದು ನಿಂತು, ವಿಲ್ಗಾ ಸೈಡಿಂಗಿನ ಡೆಲ್ಮಾ ಪ್ರಿಚೆಟ್ ಎಂಬ ದಣಿವರಿಯದ ಮಹಿಳೆಯ ಸೇವೆಯನ್ನು ಸದನ ಗುರುತಿಸಬೇಕೆಂದು ಕೋರಿದಿರಿ. ಸದನ ಗುರುತಿಸಿತು. ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ ಬಂತು. ಬಸ್ಸು ಎಲ್ಲಿ ಎಂದು ಅರ್ಜಿದಾರಳು ಪತ್ರ ಬರೆದಳು. ತಾವು ಮತ್ತೊಮ್ಮೆ ಹೊಗಳಿದಿರಿ. ಆಕೆ ಸಿಟ್ಟಿನಿಂದ ಇನ್ನೊಂದು ಪತ್ರ ಬರೆದಳು. ಅದರಲ್ಲಿ ಒಂದೆರಡು ಬೈಗುಳಗಳಿದ್ದವು. ಆಗ ತಾವು ಸದನದಲ್ಲಿ "ನೇರ ನುಡಿಯ ಹಳ್ಳಿ ಹೆಣ್ಣುಮಗಳು, ಹದ್ದಿನ ಕಣ್ಣಿನ ಚಾಲಕಿ" ಎಂದಿರಿ. ಹೀಗೆ ದೂರು ಕೊಟ್ಟಷ್ಟೂ ಹೊಗಳಿಕೆ ಬೆಳೆಯಿತು. ಹಜಾರದ ಗೋಡೆಯಲ್ಲಿ ಜಾಗ ಸಾಲದ ಕಾರಣ ಕೆಲವು ಪ್ರಶಸ್ತಿ ಪತ್ರಗಳನ್ನು ಕಕ್ಕಸಿನಲ್ಲಿ ತೂಗುಹಾಕಲಾಗಿದೆ. ಇದರಲ್ಲಿ ಅಗೌರವ ಎಣಿಸಬಾರದು. ಓದಲು ಪುರಸೊತ್ತು ಸಿಗುವುದು ಅಲ್ಲಿಯೇ.

4. ಇಷ್ಟಕ್ಕೇ ನಿಲ್ಲದೆ ತಾವು "ಸ್ವಯಂಸೇವಾ ಚಾಲಕರ ದಿನ" ಎಂಬುದನ್ನು ಆಚರಿಸಬೇಕೆಂದು ನಿರ್ಣಯ ಮಂಡಿಸಿದಿರಿ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಒಂದೇ ಬಾಯಲ್ಲಿ ಒಪ್ಪಿದ ನಿರ್ಣಯ ಅದು. ಬಸ್ಸಿಗೆ ದುಡ್ಡು ಬೇಕು, ದಿನಾಚರಣೆಗೆ ಬೇಡ. ಮೊದಲ ಆಚರಣೆ ನಮ್ಮ ಊರ ಸಭಾಂಗಣದ ಮುಂದೆ, ಒಂದು ಮಂಗಳವಾರ ಬೆಳಿಗ್ಗೆ ನಡೆಯಿತು. ಮಂಗಳವಾರ ಕ್ಲಾರಿಯ ಡಯಾಲಿಸಿಸ್ ದಿನ ಎಂದು ಅರ್ಜಿದಾರಳು ಮೊದಲೇ ತಿಳಿಸಿದ್ದಳು. "ಹಂಗಾದ್ರೆ ಇನ್ನೂ ಒಳ್ಳೇದು, ಅವ್ರೂ ಕಾರಲ್ಲೇ ಇರ್ತಾರೆ" ಎಂದು ತಾವು ಸಂತೋಷಪಟ್ಟಿರಿ.

ಕಾರಿನ ಮೂತಿಗೆ ರಿಬ್ಬನ್ ಕಟ್ಟಲಾಯಿತು. ತಾವು ಭಾಷಣ ಮಾಡಿದಿರಿ. ಚಾಕೊಲೇಟು, ತೆಂಗಿನತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು ಹಂಚಲಾಯಿತು; ಕ್ಲಾರಿಗೂ ಒಂದು ಕೊಟ್ಟರು, ಮೂತ್ರಪಿಂಡ ಕೆಟ್ಟ ಅವನಿಗೆ ಅದು ವರ್ಜ್ಯ. ಫೋಟೋದವನು ಕಿಟಕಿಯ ಹತ್ತಿರ ಬಂದು, "ತಾತ, ಒಂದ್ನಿಮಿಷ ಇಳೀತೀರಾ? ಕಾರು ಪೂರ್ತಿ ಕಾಣ್ಬೇಕು" ಎಂದ.

"ಇಳಿದ್ರೆ ಮತ್ತೆ ಹತ್ತೋಕಾಗಲ್ಲ ಕಣಪ್ಪ" ಎಂದ ಕ್ಲಾರಿ. "ನನ್ನನ್ನ ಸೀಟು ಅಂತ್ಲೇ ಅಂದ್ಕೊಂಡು ತೆಗಿ."

5. ಸದರಿ ಸಮಾರಂಭದ ಕಾರಣ ಆಸ್ಪತ್ರೆಗೆ ತಡವಾಯಿತು. ತಡವಾದ ಕಾರಣ ಕ್ಲಾರಿಯ ಡಯಾಲಿಸಿಸ್ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟಿದ್ದರು. ಕೊಟ್ಟಿದ್ದ ಕಾರಣ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಕಾದ ಕಾರಣ ವಾಪಸು ಹೊರಟಾಗ ಹೊತ್ತು ಮುಳುಗುತ್ತಿತ್ತು. ಆ ಹೊತ್ತಿಗೆ ಕಾಂಗರೂಗಳು ರಸ್ತೆಗೆ ಬರುತ್ತವೆ ಎಂಬುದು ತಮಗೂ ತಿಳಿದ ವಿಷಯ. ಅರ್ಜಿದಾರಳು ಒಂದು ಕಡೆ ಗಕ್ಕನೆ ಬ್ರೇಕು ಹಾಕಿ ಕಾದಳು.

"ಯಾಕೆ ನಿಲ್ಲಿಸ್ದೆ?" ಎಂದ ಕ್ಲಾರಿ.

"ಕಾಂಗರೂ ದಾಟ್ಲಿ ಅಂತ."

"ಅದು ಟಪಾಲು ಡಬ್ಬ ಕಣೇ. ನಾವು ಬೆಳಗಿನವರ್ಗೂ ಕೂತ್ರೂ ಅದು ದಾಟಲ್ಲ."

ಇಬ್ಬರೂ ಬಹಳ ನಕ್ಕರು. ಸ್ವಲ್ಪ ದೂರ ಹೋದ ಮೇಲೆ ನಿಜವಾದ ಕಾಂಗರೂ ಬಂತು. ಅದಕ್ಕೆ ಬ್ರೇಕು ಹಾಕಲಿಲ್ಲ, ಯಾಕೆಂದರೆ ಅದು ಕಾಣಲೇ ಇಲ್ಲ. ಪ್ರಾಣಿ ಸತ್ತಿತು, ಒಂದು ಹೆಡ್‌ಲೈಟು ಹೋಯಿತು. ಕ್ಲಾರಿ ಸೂಜಿ ಚುಚ್ಚಿಸಿಕೊಂಡ ಕೈಯನ್ನು ಎದೆಗೆ ಅವುಚಿಕೊಂಡು ಕೂತಿದ್ದ.

"ನಿನ್ ಕಣ್ಣು ಯಾವಾಗಿಂದ ಹಿಂಗೆ?"

"ಸುಮಾರು ದಿನ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಾರು ಹತ್ತುತಿದ್ಯಾ?"

ಅವನು ಯೋಚನೆ ಮಾಡಿದ. "ಹತ್ತುತಿದ್ದೆ ಕಣೇ. ಹತ್ತದೆ ಇನ್ನೆಲ್ಲಿಗೆ ಹೋಗ್ಲಿ?"

6. ಕಣ್ಣಿನ ವೈದ್ಯರು ಪರೀಕ್ಷಿಸಿ, ಎರಡೂ ಕಣ್ಣುಗಳ ನಡುಭಾಗ ಸವೆದಿದೆ, ಇನ್ನು ಕಾರು ಮುಟ್ಟಬಾರದು ಎಂದು ಚೀಟಿ ಕೊಟ್ಟಿದ್ದಾರೆ. ಅರ್ಜಿದಾರಳು ಲೈಸೆನ್ಸನ್ನು ಒಪ್ಪಿಸಿದ್ದಾಳೆ. ಅದೇ ವಾರ, ಎಂದೋ ಬರೆದಿದ್ದ ಪತ್ರಕ್ಕೆ ಸಾರಿಗೆ ಮಂತ್ರಿಗಳ ಕಚೇರಿಯಿಂದ ಉತ್ತರ ಬಂತು: "ಸದರಿ ಊರಿನ ಸಾರಿಗೆ ಅಗತ್ಯವನ್ನು ಶ್ರೀಮತಿ ಪ್ರಿಚೆಟ್ ಎಂಬುವರು ಸಮರ್ಪಕವಾಗಿ ಪೂರೈಸುತ್ತಿರುವುದು ಮಾನ್ಯ ಶಾಸಕರ ಭಾಷಣಗಳಿಂದ ದೃಢಪಟ್ಟಿರುವ ಕಾರಣ, ಬಸ್ಸಿನ ಪ್ರಸ್ತಾವನೆಯನ್ನು ಮುಕ್ತಾಯಗೊಳಿಸಲಾಗಿದೆ."

ಅಂದರೆ ಬಸ್ಸಿಗೆ ಅಡ್ಡ ನಿಂತಿರುವವಳು ಅರ್ಜಿದಾರಳೇ. ಆಕೆಯನ್ನು ಅಲ್ಲಿ ನಿಲ್ಲಿಸಿದವರು ತಾವು.

ಈ ವಿಷಯವಾಗಿ ಟೆಗನ್‌ಗೆ ಫೋನ್ ಮಾಡಿ, ಹೊಗಳಿದ್ದನ್ನು ವಾಪಸ್ ತಗೊಳ್ಳೋಕೆ ಏನು ಮಾಡಬೇಕು ಎಂದು ಕೇಳಲಾಯಿತು. "ಬೈದದ್ದನ್ನ ವಾಪಸ್ ತಗೊಳ್ಳೋಕೆ ಪದ್ಧತಿ ಇದೆ ಡೆಲ್ಮಾ ಅವ್ರೇ. ಹೊಗಳಿದ್ದಕ್ಕೆ ಇಲ್ಲ. ಇವತ್ತಿನವರ್ಗೂ ಯಾರೂ ಕೇಳಿಲ್ಲ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮಜ್ಜಿಗೂ ಅದೇ ಬಸ್ಸು ಬೇಕಿತ್ತು. ಒಂದು ಅರ್ಜಿ ಕೊಡಿ, ನಾನೇ ಅವ್ರ ಟೇಬಲ್ ಮೇಲೆ ಇಡ್ತೀನಿ" ಎಂದಳು.

7. ಸದ್ಯಕ್ಕೆ ಈ ವಾರ ಊರಿನ ಹೋಟೆಲಿನ ಜೋನಿ ಎಂಬಾಕೆ ಬಾಗಿಲು ಮುಚ್ಚಿ ಕ್ಲಾರಿಯನ್ನು ಕರೆದೊಯ್ದಿದ್ದಾಳೆ. ಆಕೆಯ ಪೂರ್ತಿ ಹೆಸರನ್ನು ಬೇಕೆಂದೇ ಬರೆದಿಲ್ಲ. ತಾವು ಅವಳನ್ನೂ ಹೊಗಳಿಬಿಡುವ ಅಪಾಯವಿದೆ. ಮುಂದಿನ ವಾರಕ್ಕೆ ಯಾರೂ ಇಲ್ಲ.

8. ಡಯಾಲಿಸಿಸ್ ತಪ್ಪಿದರೆ ಕ್ಲಾರಿ ಸಾಯುತ್ತಾನೆ. ಇದನ್ನು ಅರ್ಜಿದಾರಳ ಭಾಷೆಯಲ್ಲಿ ಬರೆಯಲು ನೋಡಿದೆ, ಬರಲಿಲ್ಲ. ನಾನು ಅಂತಲೇ ಬರೆಯುತ್ತೇನೆ, ಜಗಳ ಅನ್ನಿಸಿದರೆ ಅನ್ನಿಸಲಿ. ನನಗೆ ಅವನು ಬೇಕು. ಬೇಲಿಯಾಚೆ ಅವನ ರೇಡಿಯೋ ಕೇಳದಿದ್ದರೆ ನನಗೆ ಬೆಳಗಾಗುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು, ಡೆಲ್ಮಾ ಪ್ರಿಚೆಟ್ ಎಂಬಾಕೆ ದಣಿದಿದ್ದಾಳೆಂದೂ, ಆಕೆಗೆ ಕಣ್ಣು ಕಾಣುವುದಿಲ್ಲವೆಂದೂ, ಮನಸ್ಸು ಸಾಧಾರಣ ಗಾತ್ರದ್ದೆಂದೂ, ಬಸ್ಸಿಲ್ಲದ ಕಾರಣಕ್ಕೆ ಮಾತ್ರ ಕಾರು ಓಡಿಸಿದಳೆಂದೂ ದಾಖಲಿಸಿ, ಬಸ್ಸಿನ ಕಡತವನ್ನು ಮತ್ತೆ ತೆರೆಸಬೇಕಾಗಿ ವಿನಂತಿ. ಅಲ್ಲಿಯವರೆಗೆ ಮಾಡಬೇಕಾದ ವ್ಯವಸ್ಥೆಗೆ ನಾಲ್ಕನೆಯ ಲಗತ್ತನ್ನು ನೋಡುವುದು.

ಇತಿ, ಇನ್ನು ಮುಂದೆ ಹೊಗಳಿಕೆಗೆ ಸಿಗಲಾರದ,
ತಮ್ಮ ವಿಶ್ವಾಸಿ,
ಡೆಲ್ಮಾ ಪ್ರಿಚೆಟ್

ಲಗತ್ತುಗಳು:
1. ಪ್ರಶಸ್ತಿ ಪತ್ರಗಳು, ಚೌಕಟ್ಟು ಸಮೇತ. ಕಕ್ಕಸಿನಲ್ಲಿದ್ದವನ್ನು ಒರೆಸಲಾಗಿದೆ.
2. ವೈದ್ಯರ ಚೀಟಿ ಹಾಗೂ ಮಂತ್ರಿಗಳ ಕಚೇರಿಯ ಪತ್ರದ ಪ್ರತಿ.
3. ಸ್ವಯಂಸೇವಾ ಚಾಲಕರ ದಿನದ ರಿಬ್ಬನ್, ತಾವು ಕತ್ತರಿಸಿದ ಎರಡೂ ತುಂಡು.
4. ಕಾರಿನ ಕೀಲಿ.

ವಿಶೇಷ ಸೂಚನೆ: ಕಾರು ನನ್ನ ಮನೆಯ ಮುಂದಿದೆ, ಪೆಟ್ರೋಲು ತುಂಬಿಸಿದೆ. ಮಂಗಳವಾರ ಕ್ಲಾರಿ ಬೆಳಕು ಹರಿಯುವ ಹೊತ್ತಿಗೆ ಗೇಟಿನ ಬಳಿ ನಿಂತಿರುತ್ತಾನೆ. ಹತ್ತುವುದು ನಿಧಾನ, ಅವಸರ ಮಾಡಬೇಡಿ. ಗೇರಿನ ಬಗ್ಗೆ ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನಿ. ಒಂದೇ ಹೆಡ್‌ಲೈಟು ಇರುವ ಕಾರಣ ಕತ್ತಲಾಗುವ ಮೊದಲು ಮನೆ ಸೇರಿಸಿ. ಫೋಟೋದವನು ಬಂದರೆ ಹಿಂದೆ ಕೂರಿಸಿ, ಮುಂದಿನ ಸೀಟು ಕ್ಲಾರಿಯದು.