ಕಾಲುವೆಯಲ್ಲಿ ಮಹಾರಾಜರು

ಮುಂಬರುವ ಚಂದ್ರಗ್ರಹಣದಿಂದ ಮಹಾರಾಜರ ಪ್ರಾಣಕ್ಕೆ ಗಂಡಾಂತರವಿದೆಯೆಂದು ಆಸ್ಥಾನದ ಜೋಯಿಸರು ಲಿಖಿತವಾಗಿ ತಿಳಿಸಿದ್ದರಿಂದ, ಅಸ್ಸೀರಿಯಾದ ಸಿಂಹಾಸನವನ್ನು ನೂರು ದಿನಗಳ ಮಟ್ಟಿಗೆ ಅರಮನೆಯ ತೋಟಗಾರ ಶೇಲಿಬುವಿಗೆ ವಹಿಸಿಕೊಡಲಾಯಿತು. ಇದು ಹಿಂದಿನಿಂದ ನಡೆದುಬಂದ ಪದ್ಧತಿ. ಗ್ರಹಣದ ಕೇಡು ಸಿಂಹಾಸನದ ಮೇಲೆ ಕೂತವನಿಗೆ ತಟ್ಟುತ್ತದೆ. ತಾನಾಗಿ ತಟ್ಟದಿದ್ದರೆ ನೂರು ದಿನ ತುಂಬಿದ ಮೇಲೆ ಪುರೋಹಿತರು ವಿಷ ಬೆರೆಸಿದ ಒಂದು ಬಟ್ಟಲು ಬಾರ್ಲಿ ಮದ್ಯ ಕುಡಿಸಿ ತಟ್ಟಿಸುತ್ತಾರೆ. ಅಲ್ಲಿಯವರೆಗೆ ನಿಜವಾದ ಮಹಾರಾಜರು ಹಳ್ಳಿಯೊಂದರಲ್ಲಿ ರೈತರಾಗಿರತಕ್ಕದ್ದು. ಅವರನ್ನು ರಾಜರೆಂದು ಯಾರೂ ಕರೆಯಕೂಡದು; ಗ್ರಹಗಳಿಗೆ ಕೇಳಿಸಿಬಿಟ್ಟೀತು.

"ಇಪ್ಪತ್ತು ವರ್ಷ ದಾಳಿಂಬೆ ಗಿಡಕ್ಕೆ ನೀರು ಹಾಕಿದ್ದಕ್ಕೆ ಇದಾ ಬಡ್ತಿ?" ಎಂದು ಹೆಂಡತಿ ದಮ್ಖಾ ಕೇಳಿದಳು.

"ಸುಮ್ನಿರೇ, ಊಟ ಚೆನ್ನಾಗಿದೆ" ಎಂದ ಶೇಲಿಬು. ಆದರೆ ಸಾಯುವುದಕ್ಕೆ ಅವನಿಗೆ ಒಂದಿಷ್ಟೂ ಇಷ್ಟವಿರಲಿಲ್ಲ.

ನೂರನೆಯ ದಿನ ಮಹಾಮಂತ್ರಿ ಮುಶಲ್ಲಿಮ್ ರಾಜರನ್ನು ಕರೆತರಲು ಹಳ್ಳಿಗೆ ಹೋದ. ಮಹಾರಾಜರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಲುವೆಯ ಹೂಳೆತ್ತುತ್ತಿದ್ದರು. ಹಳ್ಳಿಯ ಪ್ರತಿ ರೈತನೂ ಅರವತ್ತು ಮೊಳ ಹೂಳೆತ್ತಬೇಕು, ಎತ್ತುವ ತನಕ ಊರು ಬಿಡಕೂಡದು. ಮಹಾರಾಜರು ಈವರೆಗೆ ನಾಲ್ಕು ಮೊಳ ಎತ್ತಿದ್ದರು.

"ಪಟ್ಟಿಯಿಂದ ಇವರ ಹೆಸರು ಅಳಿಸಯ್ಯಾ" ಎಂದ ಮಂತ್ರಿ.

ಕಾಲುವೆಯ ಮೇಸ್ತ್ರಿ ಉಬಾರು ಪಟ್ಟಿಯ ಮಣ್ಣಿನ ಹಲಗೆಯನ್ನು ಬೆರಳಿನಿಂದ ಟಣ್ಣನೆ ಬಡಿದು ತೋರಿಸಿದ. "ಹಸಿ ಇದ್ದಾಗ ಬಂದಿದ್ರೆ ಹೆಬ್ಬೆರಳಲ್ಲಿ ತೀಡಿಬಿಡ್ತಿದ್ದೆ ಸ್ವಾಮಿ. ಈಗ ಸುಟ್ಟು ಗಟ್ಟಿಯಾಗಿದೆ."

"ಇವರು ಯಾರು ಅಂತ ಗೊತ್ತೇನಯ್ಯಾ ನಿನಗೆ?"

"ನೀವೇ ಬಾಯ್ಬಿಟ್ಟು ಹೇಳಿ, ಈಗ್ಲೇ ಬಿಟ್ಟುಬಿಡ್ತೀನಿ."

ಮಹಾಮಂತ್ರಿ ಬಾಯಿ ತೆರೆದ. ಒಮ್ಮೆ ಆಕಾಶ ನೋಡಿದ. ಮತ್ತೆ ಮುಚ್ಚಿಕೊಂಡ.

"ಇಲ್ದಿದ್ರೆ ರಾಜಮುದ್ರೆ ಒತ್ತಿದ ವಿನಾಯಿತಿ ಪತ್ರ ತನ್ನಿ" ಎಂದ ಉಬಾರು. ಮಹಾರಾಜರು ಹಣೆಯ ಕೆಸರು ಒರೆಸಿಕೊಂಡು, "ಅರ್ಜಿ ಹಾಕೋಣ, ಬರ್ಕೊಳ್ಳಿ" ಎಂದರು.

ರಾಜಮುದ್ರೆ ಶೇಲಿಬುವಿನ ಕೊರಳಲ್ಲಿ ನೇತಾಡುತ್ತಿತ್ತು. ಮಂತ್ರಿ ಅವನೆದುರು ನಿಂತು ಅರ್ಜಿಯನ್ನು ಓದಿ ಹೇಳಿದ.

"ಇದನ್ನ ತೀರ್ಮಾನ ಮಾಡೋರು ಯಾರು?" ಎಂದು ಶೇಲಿಬು ಕೇಳಿದ.

"ರಾಜರು."

"ಅಂದ್ರೆ?"

ಮಂತ್ರಿ ಗಂಟಲು ಸರಿಮಾಡಿಕೊಂಡ. "ಸದ್ಯಕ್ಕೆ ತಾವೇ, ಪ್ರಭು."

"ಮಂಜೂರು ಮಾಡಿದ್ರೆ ನಂಗೇನಾಗುತ್ತೆ?"

"ಅವರು ಬಂದು ಕಿರೀಟ ತೊಡ್ತಾರೆ. ತಾವು ಬಟ್ಟಲು ಸ್ವೀಕರಿಸ್ತೀರಿ."

"ಮಾಡ್ದಿದ್ರೆ?"

ಪುರೋಹಿತರು ಪದ್ಧತಿಯ ಹಲಗೆಗಳನ್ನೆಲ್ಲ ತರಿಸಿ ಮಧ್ಯಾಹ್ನದವರೆಗೆ ಓದಿದರು. ಸಿಂಹಾಸನ ಖಾಲಿ ಬಿಡುವಂತಿಲ್ಲ, ಆದ್ದರಿಂದ ಕಿರೀಟ ತೊಡಲು ಇನ್ನೊಬ್ಬರು ಬರುವ ತನಕ ಬಟ್ಟಲು ಕೊಡುವಂತಿಲ್ಲ. ಅದರಾಚೆಗೆ ಏನೂ ಬರೆದಿರಲಿಲ್ಲ.

ಶೇಲಿಬು ತನ್ನ ಆಳ್ವಿಕೆಯ ಮೊದಲ ಆಜ್ಞೆಯನ್ನು ಹೇಳಿ ಬರೆಸಿದ: "ಅರ್ಜಿದಾರರು ತಮ್ಮ ಪಾಲಿನ ಹೂಳನ್ನು ಪೂರ್ತಿ ಎತ್ತಿದ ನಂತರ ಮನವಿಯನ್ನು ಪರಿಶೀಲಿಸಲಾಗುವುದು. ರೈತ ರೈತರಲ್ಲಿ ಭೇದ ಮಾಡುವುದು ಈ ಆಸ್ಥಾನದ ಕ್ರಮವಲ್ಲ." ಮುದ್ರೆ ಒತ್ತಿದ. "ಬೇಗ ಸುಡ್ಸಿ" ಎಂದ.

ಆಜ್ಞೆಯಲ್ಲಿ ಒಂದು ದೋಷವನ್ನೂ ಕಂಡುಹಿಡಿಯಲು ಮಹಾಮಂತ್ರಿಗೆ ಆಗಲಿಲ್ಲ. ಮಹಾರಾಜರೂ ಕಾಲುವೆಯಲ್ಲೇ ನಿಂತು ಅದನ್ನು ಎರಡು ಸಲ ಓದಿಸಿ ಕೇಳಿ, ಭಾಷೆ ಚೆನ್ನಾಗಿದೆ ಎಂದರು.

ಪ್ರತಿ ವಸಂತದಲ್ಲೂ ಹೊಳೆ ಹೊಸ ಹೂಳನ್ನು ತರುತ್ತದೆ, ಪ್ರತಿ ವಸಂತದಲ್ಲೂ, ಮಹಾರಾಜರ ಹಳೆಯ ಪಾಲು ಮುಗಿಯುವ ಮೊದಲೇ, ಉಬಾರು ಹೊಸ ಪಟ್ಟಿಯನ್ನು ಸುಡುತ್ತಾನೆ. ಐದನೆಯ ವರ್ಷ ಜೋಯಿಸರು ವರದಿ ಸಲ್ಲಿಸಿದರು: ಗ್ರಹಣದಿಂದ ಮಹಾರಾಜರಿಗೆ ಯಾವ ಅಪಾಯವೂ ಆಗಿಲ್ಲ, ಶಾಸ್ತ್ರ ಸುಳ್ಳಾಗಲಿಲ್ಲ. ಅವರಿಗೆ ಶಾಲು ಹೊದಿಸಲಾಯಿತು. ದಮ್ಖಾ ಈಗ ಅರಮನೆಯ ಅಡುಗೆಯಲ್ಲಿ ಉಪ್ಪು ಹೆಚ್ಚೆಂದು ಬಾಣಸಿಗರನ್ನು ಬೈಯುತ್ತಾಳೆ.

ಮೊನ್ನೆ ಹಳ್ಳಿಯಿಂದ ಮಹಾರಾಜರು ಬೆಳೆದ ಒಂದು ಬುಟ್ಟಿ ಈರುಳ್ಳಿ ಬಂತು, ಜೊತೆಗೆ ಅರ್ಜಿಯ ಬಗ್ಗೆ ವಿನಯಪೂರ್ವಕ ಜ್ಞಾಪನೆ. ಶೇಲಿಬು ಒಂದನ್ನು ಕಚ್ಚಿ ನೋಡಿ, ಉತ್ತರ ಬರೆಸಿದ:

"ಈರುಳ್ಳಿ ತಲುಪಿತು. ನೀರು ಹೆಚ್ಚಾಗಿದೆ, ಬೆಳಗಿನ ಹೊತ್ತು ಮಾತ್ರ ಹಾಯಿಸಿ. ಅರ್ಜಿ ಪರಿಶೀಲನೆಯಲ್ಲಿದೆ."