ಕಡಲಿಗೆ ಕೊಳ್ಳೇಗಾಲದ ತೆಂಗಿನಕಾಯಿ

ವಾದದಲ್ಲಿ ಗೆಲ್ಲುವುದು ಸುಲಭ. ಗೆದ್ದ ಮೇಲೆ ಮನೆಗೆ ಹೋಗಿ ಊಟಕ್ಕೆ ಕೂರುವುದು ಕಷ್ಟ. ಕಾಲೇಜಿನ ಚರ್ಚಾಕೂಟದಲ್ಲಿ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಎದುರಾಳಿಯ ಮಾತನ್ನು ಮೂರು ತುಂಡು ಮಾಡು, ಒಂದೊಂದಕ್ಕೂ ‘ಮೊದಲನೆಯದಾಗಿ’, ‘ಎರಡನೆಯದಾಗಿ’ ಎಂದು ಚೀಟಿ ಅಂಟಿಸು, ಕೊನೆಗೆ ಅಧ್ಯಕ್ಷರ ಕಡೆ ತಿರುಗಿ ಕೈಮುಗಿ. ಈ ವಿದ್ಯೆಯಿಂದ ನನಗೆ ಎರಡು ಬೆಳ್ಳಿ ಬಟ್ಟಲು ಬಂದವು. ಒಂದರಲ್ಲಿ ಅಮ್ಮ ಕುಂಕುಮ ಇಟ್ಟಿದ್ದಾಳೆ. ಇನ್ನೊಂದರಲ್ಲಿ ಅಪ್ಪ ಮಗ್ಗದ ಪಕ್ಕದಲ್ಲಿ ನಶ್ಯ ಇಟ್ಟುಕೊಂಡಿದ್ದಾರೆ. ವಿದ್ಯೆಗೆ ನಮ್ಮ ಮನೆಯಲ್ಲಿ ಅಷ್ಟು ಬೆಲೆ.

ಮದುವೆಯಾಗಿ ಆರು ತಿಂಗಳಾದಾಗ ನನ್ನ ಹೆಂಡತಿ ನಾಗರತ್ನ ಒಂದು ಆಸೆ ಹೇಳಿದಳು: ಸಮುದ್ರ ನೋಡಬೇಕು. ನಾನು ಸುಮ್ಮನೆ ‘ಆಗಲಿ’ ಎನ್ನಬಹುದಿತ್ತು. ಆದರೆ ಬಟ್ಟಲು ಗೆದ್ದ ಬಾಯಿ ಕೇಳಬೇಕಲ್ಲ? ಮೊದಲನೆಯದಾಗಿ, ಸಮುದ್ರವೆಂದರೆ ನೀರು, ಅದು ನಮ್ಮ ಕಾವೇರಿಯಲ್ಲೂ ಇದೆ. ಎರಡನೆಯದಾಗಿ, ಅದರಲ್ಲಿ ಉಪ್ಪಿದೆ, ಅದು ಅಡುಗೆಮನೆಯ ಮರಿಗೆಯಲ್ಲೂ ಇದೆ. ಮೂರನೆಯದಾಗಿ, ಪ್ರವಾಸ ಎಂಬುದೇ ಒಂದು ಮೂಢನಂಬಿಕೆ. ನಮ್ಮನ್ನೇ ನೋಡು, ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲದವರು, ರಾಜ್ಯಗಳ ಗಡಿ ಬದಲಾದಾಗ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೈಸೂರು ರಾಜ್ಯದಲ್ಲಿದ್ದೆವು, ಚಾಪೆಯಿಂದ ಅಲುಗಾಡದೆ! ಕೂತಲ್ಲೇ ರಾಜ್ಯ ದಾಟಿದವರಿಗೆ ಬಸ್ಸು ಯಾಕೆ? ನಾಗರತ್ನ ಎದುರಾಡಲಿಲ್ಲ. ‘ನೀವು ಹೇಳೋದು ಸರಿ’ ಅಂದಳು. ಮರುದಿನದಿಂದ ಕಾಫಿ ನೀರಾಯಿತು, ಸಾರಿಗೆ ಉಪ್ಪು ಬೀಳುವುದು ನಿಂತಿತು. ಹದಿನೈದು ದಿನ ಗೆದ್ದವನಾಗಿ ಬದುಕಿ, ಹದಿನಾರನೆಯ ದಿನ ಬಸ್ಸಿನ ವೇಳೆ ವಿಚಾರಿಸಲು ಹೋದೆ.

ಹೊಸದಾಗಿ ಮದುವೆಯಾದವರು ಇಬ್ಬರೇ ಊರು ಬಿಡುವ ಪದ್ಧತಿ ನಮ್ಮ ನೇಕಾರ ಬೀದಿಯಲ್ಲಿ ಇರಲಿಲ್ಲ. ಆದ್ದರಿಂದ ಅಮ್ಮ ಹೊರಟಳು. ಅಮ್ಮ ಹೊರಟಳೆಂದು ಯಳಂದೂರಿನ ಆಚೆಯ ಅಗರದಿಂದ ಚಿಕ್ಕಮ್ಮ ಬಂದಳು. ಚಿಕ್ಕಮ್ಮ ಸಮುದ್ರವನ್ನು ಕಂಡವಳಲ್ಲ, ಆದರೆ ಅದರ ಶಾಸ್ತ್ರವೆಲ್ಲ ಅವಳಿಗೆ ಗೊತ್ತು. ಬರಿಗೈಲಿ ಸಮುದ್ರರಾಜನ ಮುಂದೆ ನಿಲ್ಲಬಾರದಂತೆ. ಹೊಸ ಸೊಸೆ ಮದುವೆಯ ರೇಷ್ಮೆ ಸೀರೆ ಉಟ್ಟು, ಅರಿಸಿನ ಕುಂಕುಮ ಹಚ್ಚಿದ ಇಡೀ ಕಾಯನ್ನು ತನ್ನ ಕೈಯಾರೆ ಒಪ್ಪಿಸಬೇಕಂತೆ. ಹಾಗಾಗಿ ನಾವು ಕೊಳ್ಳೇಗಾಲದ ಸಂತೆಯಲ್ಲಿ ಆರಿಸಿದ ಒಂದು ತೆಂಗಿನಕಾಯಿಯನ್ನು, ಅದರ ಜುಟ್ಟಿಗೆ ಅಪ್ಪನ ಮಗ್ಗದ ಕೆಂಪು ರೇಷ್ಮೆ ದಾರ ಸುತ್ತಿ, ಮೈಸೂರು ದಾಟಿಸಿ, ಘಟ್ಟ ಇಳಿಸಿ, ತೆಂಗಿನ ಮರ ಬಿಟ್ಟರೆ ಬೇರೆ ಮರವೇ ಕಾಣದ ಒಂದು ಕಡಲೂರಿಗೆ ಹೊತ್ತುಕೊಂಡು ಹೋದೆವು. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾವಿರಾರು ಕಾಯಿ ತೂಗುತ್ತಿದ್ದವು. ‘ನೋಡು ಚಿಕ್ಕಮ್ಮ’ ಎಂದೆ. ‘ನೋಡ್ದೆ. ಅವು ಈ ಊರ್ನವು ಕಣ್ಲಾ, ಇವ್ರದ್ನೆ ಇವ್ರಿಗೆ ಕೊಟ್ರೆ ಮರ್ವಾದೆಯಾ?’ ಅಂದಳು.

ಆ ಊರಿನ ಹೆಸರು ಹೇಳುವುದಿಲ್ಲ, ಜನ ಒಳ್ಳೆಯವರು. ಇಳಿದುಕೊಂಡ ಹೋಟೆಲಿನ ಯಜಮಾನರನ್ನು, ‘ಇಲ್ಲಿ ನೋಡುವಂಥದ್ದು ಏನಿದೆ?’ ಎಂದು ಕೇಳಿದೆ. ‘ಬೇಕಾದಷ್ಟು ಉಂಟು. ಕಡಲುಂಟು. ದೀಪಸ್ತಂಭ ಉಂಟು. ಮತ್ತೆ ಕಡಲುಂಟು.’ ‘ಮಾಡುವಂಥದ್ದು?’ ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಮಾಡಲಿಕ್ಕೆ ಎಂತ ಇದೆ ಮಾರಾಯ್ರೆ? ಊಟ ಮಾಡಿ, ಮಲಗಿ. ಎದ್ದ ಮೇಲೆ ಕಾಫಿ ಕುಡಿದು ಕಡಲು ನೋಡಿ.’ ಊಟವಾದ ಮೇಲೆ ಆ ಊರು ನಿಜಕ್ಕೂ ಮಲಗಿತು. ಅಂಗಡಿ ಮಲಗಿತು, ನಾಯಿ ಮಲಗಿತು, ಪೋಸ್ಟಾಫೀಸು ಕುರ್ಚಿಯಲ್ಲೇ ಮಲಗಿತು. ದೀಪಸ್ತಂಭಕ್ಕೆ ಬೀಗ ಹಾಕಿತ್ತು. ಕೀಲಿಕೈ ಇಟ್ಟುಕೊಂಡವನು ಅಕ್ಕನ ಮನೆಗೆ ಹೋಗಿದ್ದ. ಚಿಕ್ಕಮ್ಮ ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ, ‘ಇಷ್ಟು ಎತ್ರ ಕಟ್ಬುಟ್ಟು ಒಳೀಕೆ ಒಂದು ದೇವ್ರನ್ನೂ ಮಡಗಿಲ್ವಲ್ಲಾ, ಎಂಥಾ ಜನ!’ ಎಂದಳು. ಹೀಗೆ ಮೊದಲ ದಿನದಲ್ಲೇ ನೋಡುವ ಪಟ್ಟಿಯ ಮೂರನೇ ಒಂದು ಭಾಗ ಮುಗಿಯಿತು.

ಎರಡನೆಯ ದಿನ ಬೆಳಿಗ್ಗೆ ಕಡಲು. ನಾಗರತ್ನ ಮದುವೆಯ ಸೀರೆಯುಟ್ಟು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಒಂದು ಮಾತು ಒಪ್ಪಿಕೊಳ್ಳಬೇಕು: ಅವಳ ಮುಖ ನೋಡಿದಾಗ, ನಾನು ವಾದಿಸಿ ಗೆದ್ದದ್ದು ಯಾವುದರ ವಿರುದ್ಧ ಎಂದು ಒಂದು ಗಳಿಗೆ ನಾಚಿಕೆಯಾಯಿತು. ಅವಳು ಹೂವು ಬಿಟ್ಟಳು, ಕುಂಕುಮ ಬಿಟ್ಟಳು, ಕಣ್ಣುಮುಚ್ಚಿ ತೆಂಗಿನಕಾಯಿಯನ್ನು ಎರಡೂ ಕೈಯಿಂದ ಎಸೆದಳು. ಅಲೆ ಅದನ್ನು ಎತ್ತಿಕೊಂಡಿತು, ಹಿಂದಕ್ಕೆ ಒಯ್ದಿತು, ಸ್ವಲ್ಪ ಯೋಚನೆ ಮಾಡಿತು, ತಂದು ಅವಳ ಕಾಲ ಬಳಿಯೇ ಇಟ್ಟುಹೋಯಿತು. ಮತ್ತೆ ಎಸೆದಳು. ಮತ್ತೆ ಬಂತು. ಮೂರನೆಯ ಸಲ ಬಂದದ್ದು ಇನ್ನೂ ಬೇಗ.

‘ಬ್ಯಾಡ ಅಂದ್ಬುಟ್ಟ ಕಣಕ್ಕಾ’ ಎಂದಳು ಚಿಕ್ಕಮ್ಮ. ‘ಮೂರು ಸತಿ ಕೊಟ್ರೆ ಮೂರು ಸತೀನೂ ವಾಪಸ್ ಮಡಗ್ಬುಟ್ಟ. ಕೊಡೋ ಕೈ ಯಾರ್ದು ಅಂತ ನೋಡವ್ನೆ.’

ಅಮ್ಮ ಬೈಯಲಿಲ್ಲ, ಅದೇ ತೊಂದರೆ. ‘ಓಗ್ಲಿ ಬುಡು. ಊರಲ್ಲಿ ಯಾರ್ಗೂ ಏಳ್ಬ್ಯಾಡಿ’ ಅಂದಳು. ಅಲ್ಲಿಗೆ ಸುದ್ದಿ ನಮ್ಮ ಬೀದಿ ತಲುಪಿದ ಹಾಗೇ ಲೆಕ್ಕ. ನಮ್ಮಲ್ಲಿ ಲಾಳಿ ಮಗ್ಗದ ಈ ಕಡೆಯಿಂದ ಆ ಕಡೆಗೆ ಹೋಗುವಷ್ಟರಲ್ಲಿ ಮಾತು ನಾಲ್ಕು ಮನೆ ದಾಟುತ್ತದೆ. ಇನ್ನು ಮುಂದೆ ಮನೆಯಲ್ಲಿ ಹಾಲು ಉಕ್ಕಿದರೆ, ಮಗ್ಗದ ಹಾಸಿನ ದಾರ ಕಡಿದರೆ, ಯಾರಾದರೂ ಸೀನಿದರೆ, ‘ಸಮುದ್ರವೇ ಬೇಡ ಅಂದ ಕೈ’ ಎಂದು ನಾಗರತ್ನಳ ಕಡೆ ಒಂದು ನೋಟ ಬೀಳುತ್ತದೆ. ಅವಳಿಗೂ ಅದು ಅರ್ಥವಾಗಿತ್ತು. ಒದ್ದೆ ಕಾಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ನಾನು ಎದ್ದು ನಿಂತೆ. ಅಂದರೆ ನಿಂತೇ ಇದ್ದೆ, ವಾದಕ್ಕೆ ನಿಂತೆ. ‘ಮೊದಲನೆಯದಾಗಿ, ತೆಂಗಿನಕಾಯಿ ನೀರಿಗಿಂತ ಹಗುರ. ಎರಡನೆಯದಾಗಿ, ತೇಲುವ ವಸ್ತುವನ್ನು ಅಲೆ ದಡಕ್ಕೇ ತರುತ್ತದೆ...’

‘ಊವೂ ಅಗುರ್ವೇ ಅಲ್ವೇನ್ಲಾ?’ ಎಂದಳು ಚಿಕ್ಕಮ್ಮ. ‘ಊವ ಇಸ್ಕಂಡ್ನಲ್ಲಾ. ಅದ್ಯಾಕೆ ವಾಪಸ್ ಬರ್ನಿಲ್ಲ?’

ಎರಡು ಬಟ್ಟಲು ಗೆದ್ದವನು ಹೂವು ಎಲ್ಲಿ ಹೋಯಿತೆಂದು ನೀರಿನಲ್ಲಿ ಹುಡುಕಿದೆ. ಸಿಗಲಿಲ್ಲ. ಕಡೆಗೆ ತಪ್ಪನ್ನಾದರೂ ಹೊತ್ತುಕೊಳ್ಳೋಣವೆಂದು, ‘ನಾನು ನಾಸ್ತಿಕ ಚಿಕ್ಕಮ್ಮ, ಪಕ್ಕದಲ್ಲಿ ನಾನು ನಿಂತಿದ್ದಕ್ಕೆ ಹೀಗಾಗಿರಬಹುದು’ ಎಂದೆ. ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ಅಳೆದಳು. ‘ನೀನ್ಯಾವ ದೊಡ್ಡ ಮನ್ಸ ಅಂತ ಸಮುದ್ರ ನಿನ್ನ ಕಡೆ ತಿರುಗಿ ನೋಡಾದು? ಅತ್ಲಾಗೆ ನಿಂತ್ಕೋ.’

ಇಷ್ಟು ಹೊತ್ತೂ ಸ್ವಲ್ಪ ದೂರದಲ್ಲಿ ಒಬ್ಬ ಮೀನುಗಾರ ದೋಣಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದ. ಬಹುಶಃ ಆ ಊರಿನಲ್ಲಿ ನೋಡುವಂಥದ್ದು ಆ ದಿನ ನಾವೇ. ನಾನು ಹತ್ತಿರ ಹೋದೆ. ‘ಎಂತ ಮಾರಾಯ್ರೆ, ತೆಂಗಿನಕಾಯಿಗೆ ಈಜು ಕಲಿಸುದಾ?’ ಎಂದ. ನಾನು ವಿಷಯ ಹೇಳಿದೆ. ಈ ಸಲ ಮೊದಲನೆಯದಾಗಿ ಎರಡನೆಯದಾಗಿ ಇಲ್ಲದೆ, ಬೇಡಿಕೊಳ್ಳುವವನ ಹಾಗೆ ಹೇಳಿದೆ. ಅವನು ನಗುವುದನ್ನು ನಿಲ್ಲಿಸಿ ನಾಗರತ್ನಳ ಕಡೆ ನೋಡಿದ. ‘ಕೊಡಿ’ ಎಂದು ಕಾಯಿ ಇಸಿದುಕೊಂಡು ದೋಣಿಯನ್ನು ನೀರಿಗೆ ತಳ್ಳಿದ. ಅಲೆಗಳನ್ನು ದಾಟಿ, ದೋಣಿ ಅಂಗೈಯಷ್ಟಾಗುವವರೆಗೆ ಹೋಗಿ, ಕಾಯನ್ನು ಎತ್ತಿ ನಮಗೆ ತೋರಿಸಿ, ಬಿಟ್ಟ. ಕಾದೆವು. ಬರಲಿಲ್ಲ. ‘ಇಸ್ಕಂಡ!’ ಎಂದು ಚಿಕ್ಕಮ್ಮ ಕೈಮುಗಿದಳು. ಅಮ್ಮ ಸೊಸೆಯ ಕೆನ್ನೆ ಸವರಿ ದೃಷ್ಟಿ ತೆಗೆದಳು. ದಡಕ್ಕೆ ಬಂದ ಮೀನುಗಾರ ಮಾತ್ರ ನನ್ನ ಕಿವಿಯ ಹತ್ತಿರ, ‘ನಾಳೆ ಬಂದರೂ ಬಂತು ಮಾರಾಯ್ರೆ. ಗಾಳಿ ಈಚೆಗೇ ಉಂಟು’ ಎಂದ.

ಆಮೇಲೆ ಆ ಊರಿನಲ್ಲಿ ನಾನು ಏನು ನೋಡಿದೆ ಎಂದು ಕೇಳಬೇಡಿ. ಸಂಜೆ ಎಲ್ಲರೂ ಕಡಲು ನೋಡುತ್ತಿದ್ದರೆ ನಾನು ದಡ ನೋಡುತ್ತಿದ್ದೆ. ಮಾರನೆಯ ದಿನ ಒಂಬತ್ತಕ್ಕೆ ನಮ್ಮ ಬಸ್ಸು. ಹೊರಡುವ ಮುಂಚೆ ಕಡಲಿಗೊಂದು ನಮಸ್ಕಾರ ಹಾಕಲು ಅಮ್ಮ ಚಿಕ್ಕಮ್ಮ ಬಂದೇ ಬರುತ್ತಾರೆ. ಬೆಳಕು ಹರಿಯುತ್ತಿದ್ದಂತೆ ಎದ್ದು, ಹಾಸಿಗೆಯಲ್ಲಿಲ್ಲದ ಹೆಂಡತಿ ಅಡುಗೆಯವರ ಹತ್ತಿರ ಬಿಸಿನೀರಿಗೆ ಹೋಗಿರಬೇಕು ಎಂದುಕೊಂಡು, ಕಳ್ಳನ ಹಾಗೆ ದಡಕ್ಕೆ ಓಡಿದೆ. ತೇಲುವ ವಸ್ತುಗಳ ಸಿದ್ಧಾಂತದಲ್ಲಿ ಅಪಾರ ವಿಶ್ವಾಸವಿದ್ದ ನಾನು, ‘ದೇವರೇ, ಬರದಿರಲಿ’ ಎಂದುಕೊಳ್ಳುತ್ತ ಮರಳಿನ ಮೇಲೆ ಬಗ್ಗಿ ಬಗ್ಗಿ ನಡೆದೆ.

‘ಏನ್ ಹುಡುಕ್ತಿದ್ದೀರಿ?’

ಎದುರಿಗೆ ನಾಗರತ್ನ.

‘ಏನಿಲ್ಲ. ಕಡಲಿನಿಂದ ಸೂರ್ಯ ಹುಟ್ಟೋದು ನೋಡೋಣ ಅಂತ.’

ಅವಳು ನನ್ನ ಬೆನ್ನ ಹಿಂದೆ, ತೆಂಗಿನ ತೋಟದ ಕಡೆ ಕೈ ತೋರಿಸಿದಳು. ಸೂರ್ಯ ಅಲ್ಲಿಂದ ಹುಟ್ಟುತ್ತಿದ್ದ. ಇನ್ನೊಂದು ಕೈಯಲ್ಲಿ ಸೆರಗನ್ನು ಒತ್ತಿ ಹಿಡಿದಿದ್ದಳು; ಸೆರಗು ಉಬ್ಬಿತ್ತು; ಅಂಚಿನಿಂದ ಕೆಂಪು ರೇಷ್ಮೆ ದಾರ ಇಣುಕುತ್ತಿತ್ತು.

‘ನಾಗೂ, ಇದು ಗಾಳಿಯ ದಿಕ್ಕು, ಮೊದಲನೆಯದಾಗಿ...’

‘ಮೊದಲು ಈ ಜುಟ್ಟು ಕೀಳಿ’ ಎಂದಳು.

ಕಿತ್ತೆ. ದಾರವನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜುಟ್ಟು, ದಾರ, ಕುಂಕುಮ ಹೋದ ಮೇಲೆ ಉಳಿದದ್ದು ಬರೀ ತೆಂಗಿನಕಾಯಿ. ಆ ಊರಿನ ಸಾವಿರಾರು ಕಾಯಿಗಳಲ್ಲಿ ಒಂದು. ಬಂಡೆಗೆ ಒಡೆದೆವು.

ಬಸ್ಸು ಘಟ್ಟ ಹತ್ತುವಾಗ ನಾಗರತ್ನ ಕಡ್ಲೆಪುರಿಯ ಜೊತೆ ಎಲ್ಲರ ಕೈಗೂ ಒಂದೊಂದು ಹೋಳು ಕೊಟ್ಟಳು. ಚಿಕ್ಕಮ್ಮ ಅಗಿದು, ಕಣ್ಣರಳಿಸಿ, ‘ಕಡಲ ಸೀಮೆ ಕಾಯಿ ಅಂದ್ರೆ ಇದು ನೋಡಕ್ಕಾ! ಏನ್ ರುಚಿ! ನಮ್ಮ ಕೊಳ್ಳೇಗಾಲದ ಕಾಯಿ ಬರೀ ಸಪ್ಪೆ’ ಎಂದಳು. ‘ಊಂ ಕಣೇ’ ಎಂದು ಅಮ್ಮ ಇನ್ನೊಂದು ಹೋಳಿಗೆ ಕೈ ನೀಡಿದಳು.

ಎದುರಾಳಿಯನ್ನು ಒಂದೇ ವಾಕ್ಯದಲ್ಲಿ ಮಲಗಿಸುವ ಇಂಥ ಸಾಕ್ಷ್ಯ ನನ್ನ ಚರ್ಚಾಜೀವನದಲ್ಲಿ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಬಾಯಿ ತೆರೆದೆ. ನಾಗರತ್ನ ಅದರೊಳಕ್ಕೆ ದೊಡ್ಡದೊಂದು ಹೋಳು ಇಟ್ಟಳು. ಮೈಸೂರು ಬರುವವರೆಗೂ ಅಗಿಯುತ್ತ ಕೂತಿದ್ದೆ.