ಮೂಲೆಯಲ್ಲಿ ಬೆಳೆದ ಮೆಣಸಿನ ಬಳ್ಳಿ

ಗಿರಿಜಾ, ಮಲ್ಲೇಶ, ನಾಚಿಕೆ ಸ್ವಭಾವದವರಿಗೆ ಒಂದು ಕಷ್ಟವಿದೆ. ಯಾರ ಕಣ್ಣಿಗೂ ಬೀಳಬಾರದೆಂದು ಮೂಲೆ ಹುಡುಕಿಕೊಂಡು ಹೋಗುತ್ತಾರೆ, ಕೊನೆಗೆ ಊರೆಲ್ಲ ಅಲ್ಲಿಗೇ ಬಂದು ನೋಡುತ್ತದೆ. ನಿಮ್ಮಜ್ಜಿಗೆ ಹಾಗಾದ ಕಥೆ ಇದು. ನೀವು ನಗುವುದು ನನಗೆ ಕಾಣುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದ ಶಾಲೆಯ ಸಿಮೆಂಟು ಅಂಗಳದಲ್ಲಿ ಊರವರೆಲ್ಲ ಸೇರಿ ಸೀಮೆಸುಣ್ಣದಿಂದ ಚಿತ್ರ ಬರೆಯುವ ಹಬ್ಬವೆಂದು ಟೀಚರಮ್ಮ ಮನೆಮನೆಗೆ ಹೇಳಿ ಹೋದರು. ನನ್ನ ಕೈ ತುರಿಸಿತು. ಆದರೆ ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಹೊಸ್ತಿಲಿಗೆ ರಂಗೋಲಿ ಇಟ್ಟಿರಲಿಲ್ಲ. ತಾತನ ಅಕ್ಕ, ನಮ್ಮ ಅತ್ತಿಗೆಮ್ಮ, ರಂಗೋಲಿ ಡಬ್ಬಿಯನ್ನು ಅಟ್ಟಕ್ಕೇರಿಸಿದ್ದರು. ಬೇಡವೆಂದು ಬಾಯಿಬಿಟ್ಟು ಹೇಳಿದವರಲ್ಲ. ಡಬ್ಬಿ ಮಾತ್ರ ಇಳಿಯಲಿಲ್ಲ. ನಾನು ಒಲೆಯ ಬೂದಿಯಲ್ಲಿ ಬೆರಳಾಡಿಸುತ್ತ, ಹೆಜ್ಜೆ ಸದ್ದಾದರೆ ಅಳಿಸುತ್ತ ಇದ್ದೆ. ಸೀಮೆಸುಣ್ಣ ರಂಗೋಲಿಯಲ್ಲ, ಮಗ್ಗಿ ಬರೆಯುವ ವಸ್ತು ಎಂದು ನನ್ನ ಪರವಾಗಿ ನಾನೇ ವಕೀಲಿ ಮಾಡಿ, ಸೊಪ್ಪು ತರುವ ನೆವದಲ್ಲಿ ಹೊರಟೆ.

ಅಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಜೀಪಿನ ಚಿತ್ರ ಬರೆಯುತ್ತಿದ್ದರು. ಅದು ಎಮ್ಮೆಯಾಗುವ ಹಂತದಲ್ಲಿತ್ತು. ನಾನು ಗೋಡೆಗಳು ಕೂಡುವ ಮೂಲೆಯಲ್ಲಿ ಕುಳಿತು ಮೆಣಸಿನ ಬಳ್ಳಿಯೊಂದನ್ನು ಎಳೆದೆ. ಎಷ್ಟು ದಿನದ ಹಸಿವೋ, ಕೈ ನಿಲ್ಲಲಿಲ್ಲ. ತಲೆಯೆತ್ತಿದರೆ ಹಿಂದೆ ಗೋಡೆ, ಮುಂದೆ ಗೋಡೆಯಿಂದ ಗೋಡೆಗೆ ಹಬ್ಬಿದ ಮಾರುದ್ದ ಬಳ್ಳಿ. ತುಳಿಯದೆ ಹೊರಬರಲು ದಾರಿಯಿಲ್ಲ. ಜನ ಸೇರಿದರು. ಅಂಗಡಿ ಕಾಕ ಹಲಗೆ ತರುತ್ತೇನೆಂದರು, ರೈಟರು ಏಣಿಯೇ ಸರಿಯೆಂದರು. ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಅತ್ತಿಗೆಮ್ಮ ಬಂದರು. ನಾನು ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಬಚ್ಚಿಟ್ಟೆ.

ಅವರು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದರು.

“ಸೊಪ್ಪು ತರ್ತೀನಿ ಅಂದೋಳು ಇಲ್ಲೇ ಬೆಳೀತಾ ಕೂತಿದ್ದೀಯೇನೇ?”

ಎಲ್ಲರೂ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸೀಮೆಸುಣ್ಣ ಮುಖಕ್ಕೂ ಹತ್ತಿತು.

“ತುಳ್ಕೊಂಡು ಬಾರೇ. ಅಳಿಸಿದ್ರೆ ಮತ್ತೆ ಬರೆದ್ರಾಯ್ತು,” ಎಂದು ಕೈಚಾಚಿದರು.

“ಮತ್ತೆ ಬರೀಲಾ, ಅತ್ತಿಗೆಮ್ಮ?”

ನಾನು ಕೇಳಿದ್ದು ಆ ಅಂಗಳದ ವಿಷಯವಲ್ಲವೆಂದು ಅವರಿಗೆ ತಿಳಿಯಿತು.

“ಚೆಂದಾಗಿದೆ. ಬರಿ,” ಎಂದರು.

ಮರುದಿನ ಬೆಳಿಗ್ಗೆ ಡಬ್ಬಿ ಹೊಸ್ತಿಲ ಪಕ್ಕದಲ್ಲಿತ್ತು. ಅತ್ತಿಗೆಮ್ಮ ಏನೂ ಗೊತ್ತಿಲ್ಲದವರ ಹಾಗೆ ಕಾಫಿಗೆ ನೀರಿಡುತ್ತಿದ್ದರು.

ನನಗೆ ಬುದ್ಧಿ ಮಾತ್ರ ಬರಲಿಲ್ಲ. ಹಾಳೆ ತುಂಬಿ, ಈಗ ಅಂಚಿನಲ್ಲಿ ಸುತ್ತಿ ಸುತ್ತಿ ಬರೆಯುತ್ತಿದ್ದೇನೆ, ತಿರುಗಿಸಿಕೊಂಡು ಓದಿ. ಆ ಬಳ್ಳಿ ಶಾಲೆಯ ಮಕ್ಕಳ ಓಟಕ್ಕೆ ಸಿಕ್ಕಿ ಅಳಿಸಿಹೋಯಿತು. ಇದನ್ನಾದರೂ ಯಾರೂ ತುಳಿಯದ ಕಡೆ ಜೋಪಾನವಾಗಿಡಿ.